ಮುಖ ತಿರುಗಿಸುವ ಸೊಸೆ

ಊರಿನವರ ಹೊತ್ತನ್ನೆಲ್ಲ ಸರಿಮಾಡುವ ಗಡಿಯಾರ ರಿಪೇರಿಯವನಿಗೆ ಸ್ವಂತ ಮನೆಯಲ್ಲಿ ಸಂಜೆಯ ಹೊತ್ತು ಮಾತ್ರ ದಕ್ಕುತ್ತಿರಲಿಲ್ಲ. ಆಗ ಟಿ.ವಿ. ಅವನ ಅತ್ತೆ ಮತ್ತು ಹೆಂಡತಿಯ ಸಾಮ್ರಾಜ್ಯ. ದೂರದ ಯಾವುದೋ ದೇಶದ ಧಾರಾವಾಹಿ. ಮಾತನ್ನೆಲ್ಲ ನಮ್ಮ ಭಾಷೆಗೆ ತಂದಿದ್ದರು. ಶನಿವಾರ ಅದೇ ಹೊತ್ತಿಗೆ ಫುಟ್‌ಬಾಲ್ ಫೈನಲ್. ಅದನ್ನು ನೋಡದಿದ್ದರೆ ತಾನು ಹುಟ್ಟಿದ್ದೇ ದಂಡ ಎಂದು ಅವನಿಗೆ ಅನಿಸಿಬಿಟ್ಟಿತ್ತು.

ತಾಯಿ ಮಗಳು ಆ ಧಾರಾವಾಹಿ ನೋಡುತ್ತಿದ್ದುದೇ ಅದರ ಸೊಸೆಯನ್ನು ಬೈಯಲಿಕ್ಕೆ. (ಬೈಯಲು ಯಾರೂ ಇಲ್ಲದಿದ್ದರೆ ಧಾರಾವಾಹಿ ಯಾರಿಗೆ ಬೇಕು?)

"ನೋಡೇ! ಮಾವ ಪ್ರೀತಿಯಿಂದ ಬಟ್ಟಲು ತುಂಬಿಸಿ ಕೊಟ್ರೆ, ಮುಖ ಆಚೆ ತಿರುಗಿಸ್ಕೊಂಡು ಕುಡೀತಾಳೆ!" ಎಂದು ಅತ್ತೆ ಹಲ್ಲು ಕಡಿಯುವರು.

"ಕೊಬ್ಬು ಅಮ್ಮ, ಕೊಬ್ಬು! ಆ ಮನೆ ಅಳಿಯನ್ನ ನೋಡು, ಮಾವನ ಮುಖ ನೋಡ್ತಾ ಎದುರಿಗೇ ಕುಡೀತಾನೆ. ಅಪರಂಜಿ!" ಎಂದು ಹೆಂಡತಿ ಒಗ್ಗರಣೆ ಹಾಕುವಳು.

ಶುಕ್ರವಾರ ಗಡಿಯಾರಕ್ಕೆ ಸೆಲ್ ಹಾಕಿಸಲು ಬಂದ ಹಡಗಿನ ಅಡುಗೆಯವನು ಆ ದೇಶದಲ್ಲಿ ಇದ್ದು ಬಂದವನು. ಧಾರಾವಾಹಿಯ ಸೊಸೆಯ ಮಾತು ಬಂದಾಗ, ಅಲ್ಲಿ ಹಿರಿಯರು ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಖ ತಿರುಗಿಸಿ ಕುಡಿಯುವುದೇ ಮರ್ಯಾದೆ ಎಂದು ಅವನು ಹೇಳಿದ.

ರಿಪೇರಿಯವನ ತಲೆಯೊಳಗೆ ಗಂಟೆ ಹೊಡೆಯಿತು. ಸೊಸೆ ಒಳ್ಳೆಯವಳೆಂದು ತಿಳಿದರೆ ಬೈಗುಳ ನಿಲ್ಲುತ್ತದೆ, ಬೈಗುಳ ನಿಂತರೆ ಧಾರಾವಾಹಿ ಸಪ್ಪೆ, ಸಪ್ಪೆಯಾದರೆ ರಿಮೋಟು ತನ್ನದು! ಅಂದೇ ಸಂಜೆ ಸೋಫಾದ ಮುಂದೆ ನಿಂತು ಜ್ಞಾನದಾನ ಮಾಡಿಬಿಟ್ಟ.

"ಅಯ್ಯೋ ನನ್ನ ಕಂದಾ, ನಿನ್ನ ಏನೆಲ್ಲ ಅಂದ್ಬಿಟ್ಟೆ!" ಅತ್ತೆ ಟಿ.ವಿ.ಯ ಮುಂದೆ ಕಣ್ಣೀರು ಹಾಕಿದರು. "ಹಾಗಾದ್ರೆ ಆ ಅಳಿಯ?"

"ಶುದ್ಧ ಒರಟ, ಅತ್ತೆ."

"ಮನೆಹಾಳ!" ಎಂದಳು ಹೆಂಡತಿ.

ರಿಪೇರಿಯವನು ಗೆದ್ದೆನೆಂದು ರಿಮೋಟಿನತ್ತ ಕೈ ಚಾಚಿದ. ಅತ್ತೆ ಅದನ್ನು ಮಡಿಲಿಗೆ ಎಳೆದುಕೊಂಡರು.

"ಅಂದ್ರೆ ಇಷ್ಟು ದಿನ ನೋಡಿದ್ದೆಲ್ಲ ತಪ್ಪು! ಹಳೇ ಕಂತೆಲ್ಲ ಇಂಟರ್‌ನೆಟ್ಟಲ್ಲಿ ಇವೆಯಲ್ಲ, ಮೊದಲನೇದರಿಂದ ಮತ್ತೆ ನೋಡ್ಬೇಕು ಕಣೇ!"

"ರೀ, ನಾಳೆ ಅಂಗಡಿ ಬೇಗ ಮುಚ್ಚಿ ಬನ್ನಿ. ಪಕ್ಕದಲ್ಲೇ ಕೂತು ಹೇಳ್ಕೊಡಿ. ನೀವಿಲ್ದೆ ನಮಗೇನು ಅರ್ಥ ಆಗತ್ತೆ?" ಎಂದಳು ಹೆಂಡತಿ. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಕೇಳದ ಮಾತು. ಅದಕ್ಕೆ ಮರುಳಾಗಿ ಅವನು ಆಗಲಿ ಎಂದುಬಿಟ್ಟ.

ಶನಿವಾರ ಅಲ್ಲಿ ಫೈನಲ್ ಆರಂಭವಾದಾಗ ಇಲ್ಲಿ ಮೂರನೇ ಕಂತು. ಅತ್ತೆ ಟೀ ತಂದರು. ಅವನು ಎಂದಿನಂತೆ ಒಂದೇ ಕೈ ಚಾಚಿದ. ಅತ್ತೆ ಲೋಟ ಬಿಡಲಿಲ್ಲ.

"ಏನು ಅಳಿಯಂದಿರೇ, ಆ ಒರಟನ ಥರಾನಾ? ತಿಳಿದವರು ನೀವೇ ಹೀಗೆ ಮಾಡಿದ್ರೆ ಹೇಗೆ?"

ಅವನು ಎರಡೂ ಕೈಯಲ್ಲಿ ಲೋಟ ಹಿಡಿದು, ಗೋಡೆಯತ್ತ ಮುಖ ತಿರುಗಿಸಿ ಕುಡಿಯತೊಡಗಿದ. ಅಷ್ಟರಲ್ಲಿ ಗೋಡೆಯಾಚೆಯ ಮನೆಯಿಂದ "ಗೋಲ್!" ಎಂದು ಸೂರು ಹಾರುವಂತೆ ಕೂಗು ಎದ್ದಿತು. ಅವನು ಮೆಲ್ಲಗೆ ಗೋಡೆಗೆ ಕಿವಿ ಹಚ್ಚಿದ. ಲೋಟ ಬರಿದಾದರೂ ಮುಖ ಈಚೆ ತಿರುಗಲಿಲ್ಲ.

"ಎಂಥಾ ಮರ್ಯಾದೆ ನೋಡೇ!" ಎಂದು ಅತ್ತೆ ಕರಗಿ ನೀರಾಗಿ, ಲೋಟಕ್ಕೆ ಇನ್ನಷ್ಟು ಟೀ ಸುರಿದರು.