ಪಾಕ ಒಂದು ಚೂರು ಏರಿದೆ

ಎಂದೂ ಪರೀಕ್ಷೆಗೆ ಒಳಪಡದ ವಿದ್ಯೆಗಿಂತ ಭದ್ರವಾದ ವಿದ್ಯೆ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ನಮ್ಮ ಸಂಬಂಧಿಕರೊಬ್ಬರು ಈಜಿನಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ಮೂವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. ಅವರ ವಾಸ ಗುಡ್ಡದ ನೆತ್ತಿಯಲ್ಲಿ. ಸ್ನಾನದ ನೀರನ್ನೂ ಕೆಳಗಿನಿಂದ ಹೊತ್ತು ತರಬೇಕು. ಹಾಗಾಗಿ ಅವರ ಈಜಿಗೆ ಈವರೆಗೆ ಏನೂ ಧಕ್ಕೆಯಾಗಿಲ್ಲ. ನನಗೂ ಅಂಥದೊಂದು ವಿದ್ಯೆ ಇತ್ತು. ಅದು ಪಾಕದ ವಿದ್ಯೆ. ಪಾಳ್ಯದ ಹತ್ತಿರ, ಕೆರೆಯ ಕೆಳಗಿನ ಬಯಲಿನಲ್ಲಿ ನಮ್ಮ ತಂದೆ ಆಲೆಮನೆ ನಡೆಸುತ್ತಿದ್ದರು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲದ ಹದಕ್ಕೆ ಬರುತ್ತದೆ ಎಂಬುದನ್ನು ಬರೀ ಸದ್ದು ಕೇಳಿಯೇ ಹೇಳುತ್ತಿದ್ದರೆಂದು ಊರಿನವರು ಈಗಲೂ ನೆನೆಯುತ್ತಾರೆ. ಅಂಥವರ ಮಗನಿಗೆ ಪಾಕ ಗೊತ್ತಿಲ್ಲದೆ ಇರುತ್ತದೆಯೆ? ಇದನ್ನು ನಾನು ಯಾರಲ್ಲೂ ಪ್ರಶ್ನೆಯಾಗಿ ಕೇಳಲಿಲ್ಲ. ಗೊತ್ತಿದೆ ಎಂದು ನೇರವಾಗಿಯೇ ಹೇಳುತ್ತಾ ಬಂದೆ.

ಇದನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿಸಿಕೊಂಡವಳು ನನ್ನ ಹೆಂಡತಿ ಗಿರಿಜ. ಅವಳು ಬೆಳಗೋಡಿನ ಕಡೆಯವಳು, ಅಡುಗೆಯಲ್ಲಿ ಕೈ ಒಳ್ಳೆಯದು. ಮದುವೆಯಾದ ಹೊಸತರಲ್ಲಿ ಸಂಕ್ರಾಂತಿಗೆ ಎಳ್ಳುಂಡೆ ಮಾಡಿ ತಂದುಕೊಟ್ಟಳು. ನಾನು ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಅಗಿದು, "ಚೆನ್ನಾಗಿದೆ. ಪಾಕ ಒಂದು ಚೂರು ಏರಿದೆ" ಎಂದೆ. ಹೊಸ ಸೊಸೆ, ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಏರಿದೆ ಎಂದರೆ ಹದ ಮೀರಿ ಗಟ್ಟಿಯಾಗಿದೆ ಎಂದು. ನನಗೆ ಆ ಮಾತು ರುಚಿಸಿತು. ಅಲ್ಲಿಂದ ಮುಂದೆ ಕಡಲೆಕಾಯಿ ಮಿಠಾಯಿಗೂ, ಕೊಬ್ಬರಿ ಮಿಠಾಯಿಗೂ, ದೀಪಾವಳಿಯ ಕಜ್ಜಾಯಕ್ಕೂ ಅದೇ ಮಾತು ಹೇಳಿದೆ. ಒಂದೇ ಮಾತು ಎಷ್ಟು ಸಲ ಎಂದು ನಡುನಡುವೆ "ಪಾಕ ಒಂದು ಚೂರು ಇಳಿದಿದೆ" ಎಂದದ್ದೂ ಉಂಟು. ಹೀಗೆ ಹದಿನೆಂಟು ವರ್ಷ. ಅಷ್ಟರಲ್ಲಿ ಒಂದು ದಿನವೂ ನಾನು ಸೌಟು ಹಿಡಿದು ಒಲೆಯ ಮುಂದೆ ನಿಂತವನಲ್ಲ. ಪರೀಕ್ಷೆ ನಡೆಸುವವರು ಪರೀಕ್ಷೆ ಬರೆಯಬೇಕೆಂದು ಯಾವ ಶಾಲೆಯಲ್ಲೂ ನಿಯಮವಿಲ್ಲ.

ಆಗ ನಾನು ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಬರೆಯುವವನೇ ಹೌದು, ಆದರೆ ನಾನು ಬರೆಯುತ್ತಿದ್ದದ್ದು ಆ ದಿನ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಎಂಬುದನ್ನು ಮಾತ್ರ. ಎಸ್ಟೇಟಿನ ಒಡತಿ ಲಿಲ್ಲಿ ಮೇಡಂ, ಮಂಗಳೂರು ಮೂಲದ ಕ್ರಿಶ್ಚಿಯನ್ ಮನೆತನದವರು. ಕ್ರಿಸ್‌ಮಸ್ಸಿಗೆ ಹತ್ತು ಬಗೆಯ ತಿಂಡಿ ತಮ್ಮ ಕೈಯಾರೆ ಮಾಡಿ ಕೂಲಿಯವರ ಲೈನಿನ ಒಂದೊಂದು ಮನೆಗೂ ಕಳಿಸುವವರು. ಸಿಹಿ ಮಾಡುವ ದಿನ ಅಡುಗೆಯವರನ್ನು ಅಡುಗೆಮನೆಯೊಳಗೆ ಬಿಡುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಹೊರದೇಶದ ಕಾಫಿ ಖರೀದಿದಾರರು ನೇರವಾಗಿ ತೋಟಕ್ಕೇ ಬರಲು ಶುರುಮಾಡಿದ್ದರು. ಒಂದು ಜನವರಿಯಲ್ಲಿ ಅಮೆರಿಕದವರೊಬ್ಬರು ಬಂದು ಬಂಗಲೆಯಲ್ಲಿ ಎರಡು ದಿನ ಉಳಿದರು. ಬಿಳಿಯ ಮೈಬಣ್ಣ ಕಂಡೊಡನೆ ಲೈನಿನವರೆಲ್ಲ ಅವರನ್ನು ದೊರೆ ಎಂದು ಕರೆದರು. ದೊರೆ ಹೊರಡುವಾಗ ಮೇಡಂಗೆ ಒಂದು ಚೀಲ ಪೆಕಾನ್ ಕಾಯಿ ಕೊಟ್ಟರು. ಉದ್ದುದ್ದ ಕಾಯಿ, ನಯವಾದ ಕಂದು ಚಿಪ್ಪು, ಒಳಗಿನ ತಿರುಳು ಆಕ್ರೋಟದ ತಮ್ಮನಂತೆ. ತಮ್ಮ ತಾಯಿ ಅದರಿಂದ ಪ್ರಲೀನ್ ಎಂಬ ಮಿಠಾಯಿ ಮಾಡುತ್ತಿದ್ದ ಕ್ರಮವನ್ನು ಒಂದು ಕಾಗದದಲ್ಲಿ ಬರೆದೂ ಕೊಟ್ಟರು. ಹತ್ತು ದಿನ ಬಿಟ್ಟು ಕೊಡಗಿನಿಂದ ಹಿಂದಿರುಗುವಾಗ ಬಂದು ತಿನ್ನುತ್ತೇನೆ, ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾಡಿದ ಪ್ರಲೀನ್ ತಿಂದೇ ಇಲ್ಲ ಎಂದರಂತೆ.

ಮೇಡಂ ಅದಕ್ಕೆ ಒಪ್ಪಿಕೊಂಡ ಮರುದಿನವೇ ಬಂಗಲೆಯ ಮೆಟ್ಟಿಲಿನಲ್ಲಿ ಜಾರಿ ಬಲಗೈ ಮುರಿದುಕೊಂಡರು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ವರಾಂಡದಲ್ಲಿ ಕೂತು ನನ್ನನ್ನು ಕರೆಸಿದರು.

"ನೋಡಿ ರೈಟ್ರೇ, ನನ್ನ ಕೈ ಹೀಗೆ ಉಂಟು. ಅವರು ಅಮ್ಮನ ನೆನಪಲ್ಲಿ ಕೇಳಿದ್ದು, ಇಲ್ಲ ಹೇಳ್ಲಿಕ್ಕೆ ಮನಸ್ಸು ಬರುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಪಾಕ ಮಾಡ್ಲಿಕ್ಕೆ ಬರ್ತದಾ?"

ಇಲ್ಲಿ "ನನ್ನ ಹೆಂಡತಿಗೆ ಬರುತ್ತದೆ" ಎಂಬ ಮೂರು ಪದದ ಉತ್ತರವಿತ್ತು. ನಾನು ಹೇಳಿದ್ದು, "ಮೇಡಂ, ನಮ್ದು ಆಲೆಮನೆ ವಂಶ. ಪಾಕದ ಯೋಚ್ನೆ ನೀವು ಬಿಟ್ಬುಡಿ, ನಾನೇ ಮಾಡ್ತೀನಿ."

ಮನೆಗೆ ಬಂದು ಸುದ್ದಿ ಹೇಳಿದಾಗ ಗಿರಿಜ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ, "ನೀವೇ ಮಾಡ್ತೀರಾ?" ಎಂದಳು. ಹೌದು ಎಂದೆ. "ಒಬ್ರೇ?" ಹೌದು ಎಂದೆ. ಮೊರವನ್ನು ಕೆಳಗಿಟ್ಟು, "ಸರಿ ಕಣ್ರೀ. ನೀವು ಮಾಡಿದ್ದು ಸರಿಯಾದ್ರೆ, ಇನ್ಮೇಲೆ ನೀವು ಹೇಳ್ದಂಗೇ ಪಾಕ ತೆಗಿತೀನಿ. ಕೆಟ್ಟೋದ್ರೆ ಮಾತ್ರ, ಈ ಮನೇಲಿ ನನ್ ಪಾಕದ್ ಬಗ್ಗೆ ನೀವು ಒಂದ್ ಮಾತೂ ಆಡಂಗಿಲ್ಲ. ಬದುಕಿರೋವರ್ಗೂ" ಎಂದಳು. ಹದಿನೆಂಟು ವರ್ಷ ಕಟ್ಟಿ ಬೆಳೆಸಿದ ಹಕ್ಕನ್ನು ಒಂದು ಬಾಣಲೆಗೆ ಒತ್ತೆಯಿಡಬೇಕಾಯಿತು. ಒಪ್ಪಿದೆ. ಒಪ್ಪದಿದ್ದರೆ ಅನುಮಾನ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಒಲೆ ಹಚ್ಚಲು ಹೇಳಿದೆ. "ಕಾಯೆಲ್ಲಿ?" ಎಂದಳು ಗಿರಿಜ. ಆಗ ನೆನಪಾಯಿತು. ಮೇಡಂ ಕೊಟ್ಟ ಚೀಲ ಹಿಡಿದು ಬಂಗಲೆಯಿಂದ ಇಳಿದು ಬರುವಾಗ ಕಾಫಿ ಹಣ್ಣು ಅಳೆಯುವ ಹೊತ್ತಾಗಿತ್ತು. ಚೀಲವನ್ನು ಸ್ಟೋರಿನ ಮೇಜಿನ ಮೇಲಿಟ್ಟು ಕಣಕ್ಕೆ ಓಡಿದವನು ಅದನ್ನು ಮರೆತೇಬಿಟ್ಟಿದ್ದೆ. ಈಗ ಸ್ಟೋರಿಗೆ ಹೋದರೆ ಮೇಜಿನ ಮೇಲೆ ಬರೀ ಚೀಲ, ನೀಟಾಗಿ ಮಡಿಸಿಟ್ಟಿತ್ತು. ನರ್ಸರಿ ನೋಡಿಕೊಳ್ಳುವ ಮೇಸ್ತ್ರಿ ತಮ್ಮಯ್ಯ ಬಾಗಿಲಲ್ಲೇ ಇದ್ದ.

"ಅಮೇರಿಕದ ಬೀಜ ತಾನೆ ರೈಟ್ರೇ? ಆಗ್ಲೇ ಹಾಕ್ಬುಟ್ಟೆ" ಎಂದ.

ತಮ್ಮಯ್ಯನ ತಪ್ಪು ಹೇಳುವಂತಿಲ್ಲ. ನಮ್ಮ ಕಡೆ ತೋಟದವರಿಗೆ ಹೊರಗಿನಿಂದ ಬಂದ, ಚಿಪ್ಪಿರುವ ಯಾವ ವಸ್ತುವನ್ನು ಕಂಡರೂ ಅದನ್ನು ತಿನ್ನಬಹುದೆಂದು ತೋಚುವುದಿಲ್ಲ. ಮಣ್ಣಿಗೆ ಹಾಕಬೇಕೆಂದು ತೋಚುತ್ತದೆ. ಮೇಡಂ ಯಾವ ಊರಿಗೆ ಹೋಗಿ ಬಂದರೂ ಒಂದು ಪೊಟ್ಟಣ ಬೀಜ ತರುತ್ತಿದ್ದರು. ಬೆಣ್ಣೆಹಣ್ಣು, ಲಿಚಿ, ಹೆಸರೇ ಗೊತ್ತಿಲ್ಲದ ಇನ್ನೊಂದು, ಎಲ್ಲವೂ ಇದೇ ಮೇಜಿನ ಮೇಲೆ ಬಂದು ಕೂತು, ತಮ್ಮಯ್ಯನ ಕೈಯಿಂದಲೇ ಮೊಳಕೆಯೊಡೆದವು. ಅವನು ಪೆಕಾನನ್ನು ರಾತ್ರಿಯಿಡೀ ಸಗಣಿ ಬಗ್ಗಡದಲ್ಲಿ ನೆನೆಸಿ, ಬೂದಿ ಸವರಿ, ಗೇಣಿಗೊಂದರಂತೆ ಊರಿ, ಮೇಲೆ ಹುಲ್ಲು ಹೊದಿಸಿ, ಎರಡು ಹೊತ್ತು ನೀರು ಹಾಕಿದ್ದ. ಇನ್ನೊಂದು ವಿಷಯ ಹೇಳಬೇಕು. ಶುಕ್ರವಾರ ನಾನು ಅದೇ ಪಾತಿಯ ಪಕ್ಕದಲ್ಲಿ ನಿಂತು, "ಸಾಲು ಬಹಳ ನೇರವಾಗಿದೆ ತಮ್ಮಯ್ಯ" ಎಂದು ಹೊಗಳಿದ್ದೆ. ಏನನ್ನು ಊರಿದ್ದಾನೆಂದು ಕೇಳಿರಲಿಲ್ಲ.

ಅಗೆಯಬೇಕು ಎಂದಾಗ ತಮ್ಮಯ್ಯನ ಮುಖ ಸಣ್ಣದಾಯಿತು. "ಊರಿದ್ ಬೀಜ ಕೀಳ್ತಾರಾ ರೈಟ್ರೇ? ಒಳ್ಳೇದಲ್ಲ ಕಣ್ರೀ. ಇನ್ನೊಂದ್ ತಿಂಗ್ಳು ತಡೀರಿ, ಮೊಳಕೆ ಬತ್ತದೆ" ಎಂದ. ಮಿಠಾಯಿಗೆ ಮೊಳಕೆ ಬೇಕಿಲ್ಲ ಎಂದು ಅವನಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ "ಒಂದು ಸಾಲಾದ್ರೂ ಬುಟ್ಬುಡಿ" ಎಂದು ಅಂಗಲಾಚಿದ. ಒಂದು ಸಾಲು ಬಿಟ್ಟು ಮಿಕ್ಕದ್ದನ್ನು ಇಬ್ಬರೂ ಕೂತು ಬೆರಳಿನಲ್ಲಿ ಕೆದಕಿ ತೆಗೆದೆವು. ಮನೆಯಲ್ಲಿ ಗಿರಿಜ ಕಾಯಿಗಳನ್ನು ಬಿಸಿನೀರಿನಲ್ಲಿ ಏಳು ಸಲ ತೊಳೆದಳು. ದೊರೆಗೆ ಸಗಣಿಯಲ್ಲಿ ನೆನೆದದ್ದನ್ನು ತಿನ್ನಿಸುವುದು ಸರಿಯೆ ಎಂದು ನಾನು ಅಳುಕಿದೆ. "ನೆಂದಿದ್ದು ಚಿಪ್ಪು, ತಿನ್ನೋದು ತಿರುಳು. ಸುಮ್ನಿರಿ" ಎಂದಳು. ಒಂದೊಂದನ್ನೂ ಒಡೆದು, ಮೂಸಿ ನೋಡಿ, ನೀರು ಇಳಿದಿದ್ದನ್ನೆಲ್ಲ ಎಸೆದು, ಉಳಿದದ್ದನ್ನು ಹೆಂಚಿನ ಮೇಲೆ ಹುರಿದಿಟ್ಟಳು. ಮೂರು ಬಟ್ಟಲು ಆಯಿತು. ಇಷ್ಟು ಮಾಡಿ, ಕೈ ಒರೆಸಿಕೊಂಡು, ಬಾಗಿಲ ಪಕ್ಕದ ಮಣೆಯ ಮೇಲೆ ನೋಡಲು ಕೂತಳು.

ದೊರೆಯ ಕಾಗದದಲ್ಲಿ ಸಕ್ಕರೆ, ಕಂದು ಸಕ್ಕರೆ, ಬೆಣ್ಣೆ, ಕೆನೆ ಎಂದಿತ್ತು. ಕಂದು ಸಕ್ಕರೆಯ ಜಾಗಕ್ಕೆ ಬೆಲ್ಲ ಹಾಕಿದೆ. ಪಾಕ ಇಷ್ಟು ಡಿಗ್ರಿಗೆ ಬಂದಾಗ ಇಳಿಸಿ ಎಂದೂ ಇತ್ತು. ಡಿಗ್ರಿ ನೋಡಿ ಪಾಕ ತೆಗೆಯುವವರ ಬಗ್ಗೆ ನನಗೆ ಕನಿಕರ ಬಂತು. ಒಂದು ಬಟ್ಟಲು ಪೆಕಾನ್ ಪಕ್ಕದಲ್ಲಿಟ್ಟುಕೊಂಡು, ಕುದಿಯುವ ಪಾಕದ ಸದ್ದಿಗೆ ಕಿವಿಗೊಟ್ಟು ನಿಂತೆ. ಅದು ಎಲ್ಲ ಕುದಿಯುವ ವಸ್ತುಗಳಂತೆಯೇ ಸದ್ದು ಮಾಡುತ್ತಿತ್ತು. ತಣ್ಣೀರಿಗೆ ಒಂದು ತೊಟ್ಟು ಬಿಟ್ಟೆ, ಮೆತ್ತಗೆ ಉಂಡೆಯಾಯಿತು. ಆಲೆಮನೆಯಲ್ಲಿ ಆ ಉಂಡೆ ತಟ್ಟೆಗೆ ಹೊಡೆದರೆ ಟಣ್ ಎನ್ನಬೇಕು. ಟಣ್ ಎನ್ನುವವರೆಗೂ ಕಾದೆ. ಅಂದಿತು. ಪೆಕಾನ್ ಸುರಿದು ಎರಡು ಸುತ್ತು ತಿರುವಿದೆ. ಮೂರನೆಯ ಸುತ್ತಿಗೆ ಸೌಟು ಬರಲಿಲ್ಲ. ಕೈ ಬಿಟ್ಟೆ, ಸೌಟು ನಿಂತೇ ಇತ್ತು. ಸೌಟು ಹಿಡಿದು ಎತ್ತಿದರೆ ಬಾಣಲೆಯೂ ಜೊತೆಗೆ ಬಂತು. ಅದನ್ನು ಬಿಡಿಸಲು ಸೌದೆ ಸೀಳುವ ಕತ್ತಿ ಬೇಕಾಯಿತು.

ಗಿರಿಜ ಎದ್ದು ಇನ್ನೊಂದು ಬಾಣಲೆ ತಂದಿಟ್ಟು ಮತ್ತೆ ಮಣೆಯ ಮೇಲೆ ಕೂತಳು. ಅದು ನನಗೆ ಹಿಡಿಸಲಿಲ್ಲ. ಎರಡನೆಯ ಸಲ ಹೆದರಿಕೆಯಿಂದ ಬೇಗ ಇಳಿಸಿದೆ. ತುಪ್ಪ ಸವರಿದ ಬಾಳೆ ಎಲೆಯ ಮೇಲೆ ಬಿಲ್ಲೆ ಹಾಕಿದರೆ ಅದು ಎಲೆಯ ದಿಂಡಿನುದ್ದಕ್ಕೂ ಹರಿದು ನೆಲಕ್ಕಿಳಿದು ಬಚ್ಚಲ ಕಡೆ ಹೊರಟಿತು. ಪಾಯಸವಾಗಿ ಅದು ಕೆಟ್ಟದಿರಲಿಲ್ಲ. ಉಳಿದದ್ದು ಒಂದೇ ಬಟ್ಟಲು ಪೆಕಾನ್. ಅದನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ನನ್ನ ಹಕ್ಕು ಹೋದರೆ ಹೋಗಲಿ, ತಾಯಿಯ ಕೈರುಚಿ ನೆನೆದುಕೊಂಡು ಬರುವ ಮನುಷ್ಯನ ಮುಂದೆ ಮೇಡಂ ಏನು ಇಡಬೇಕು?

"ರೀ," ಎಂದಳು ಗಿರಿಜ, "ಆಲೆಮನೇಲಿ ನಿಮ್ ಕೆಲ್ಸ ಏನಿತ್ತು?"

ಹದಿನೆಂಟು ವರ್ಷದಲ್ಲಿ ಅವಳು ಈ ಪ್ರಶ್ನೆ ಕೇಳಿರಲಿಲ್ಲ. ನಮ್ಮ ತಂದೆ ನನ್ನನ್ನು ಕೊಪ್ಪರಿಗೆಯ ಹತ್ತಿರಕ್ಕೆ ಒಂದು ದಿನವೂ ಬಿಟ್ಟವರಲ್ಲ. ಒಲೆಯ ಹಿಂಬದಿಯ ಗುಂಡಿಯಲ್ಲಿ ಕೂತು ಒಣಗಿದ ಕಬ್ಬಿನ ಸಿಪ್ಪೆಯನ್ನು ಬೆಂಕಿಗೆ ನೂಕುವುದು ನನ್ನ ಕೆಲಸ. ಅಲ್ಲಿಂದ ಕೊಪ್ಪರಿಗೆಯ ತಳ ಕಾಣುತ್ತದೆ, ಪಾಕ ಕಾಣುವುದಿಲ್ಲ. ಹಾಗೆಂದು ಹೇಳಿದೆ.

"ಹಂಗಾದ್ರೆ ಅದನ್ನೇ ಮಾಡಿ. ಉರಿ ನೋಡ್ಕಳಿ" ಎಂದು ಎದ್ದು ಬಂದಳು.

ನಾನು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಉರಿ ಹೆಚ್ಚು ಎಂದರೆ ಸೌದೆ ಹೊರಗೆಳೆದೆ, ಕಡಿಮೆ ಎಂದರೆ ಒಳಗೆ ನೂಕಿದೆ. ಈ ಕೆಲಸ ನನಗೆ ನಿಜವಾಗಿಯೂ ಬರುತ್ತಿತ್ತು. ಅವಳು ತಣ್ಣೀರಿನ ಉಂಡೆ ಇನ್ನೂ ಮೆತ್ತಗಿರುವಾಗಲೇ ಬಾಣಲೆ ಇಳಿಸಿ, ಪೆಕಾನ್ ಹಾಕಿ, ಪಾಕದ ಹೊಳಪು ಮಾಸುವವರೆಗೂ ಬಿಡದೆ ತಿರುವಿ, ಬಾಳೆ ಎಲೆಯ ಮೇಲೆ ಚಮಚದಿಂದ ಇಳಿಬಿಟ್ಟಳು. ಬಿಲ್ಲೆಗಳು ಇದ್ದಲ್ಲೇ ಕೂತವು. ಇಪ್ಪತ್ತೆರಡು ಬಿಲ್ಲೆ, ಎಲ್ಲವೂ ಒಂದೇ ಗಾತ್ರ. ಎರಡನ್ನು ಮನೆಗೆ ಎತ್ತಿಟ್ಟು ಇಪ್ಪತ್ತನ್ನು ಡಬ್ಬಿಗೆ ಹಾಕಿದಳು.

ದೊರೆ ಹೇಳಿದ ದಿನಕ್ಕೆ ಬಂದರು. ನಾನು ಒಯ್ದ ಡಬ್ಬಿಯಿಂದ ಮೇಡಂ ಬಿಲ್ಲೆಗಳನ್ನು ತಟ್ಟೆಗೆ ಹಾಕಿಸಿ ಮುಂದಿಟ್ಟರು. ಒಂದನ್ನು ಕಚ್ಚಿ ದೊರೆ ಕಿಟಕಿಯ ಕಡೆ ತಿರುಗಿ ನಿಂತರು. ಸಗಣಿಯ ವಾಸನೆ ಏನಾದರೂ ಬಂತೇ ಎಂದು ನಾನು ತಟ್ಟೆಯ ಕಡೆ ಬಾಗಿ ಮೂಸಿದೆ. ತಿರುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಏನೋ ಹೇಳಿದರು. "ಅವರ ಅಮ್ಮ ಮಾಡ್ತಿದ್ದ ಹಾಗೆಯೇ ಉಂಟಂತೆ ಮಾರಾಯ್ರೆ!" ಎಂದರು ಮೇಡಂ. ದೊರೆ ನನ್ನ ಕೈ ಹಿಡಿದು ಕುಲುಕಿದರು. ನಾನು "ಮನೇಲಿ ಮಾಡಿದ್ದು" ಎಂದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಸಂಜೆ ಮನೆಯಲ್ಲಿ ಗಿರಿಜ ಎತ್ತಿಟ್ಟಿದ್ದ ಬಿಲ್ಲೆಯೊಂದನ್ನು ತಟ್ಟೆಯಲ್ಲಿಟ್ಟು ತಂದು ನನ್ನ ಮುಂದೆ ಕೂತಳು. ಬಾಯಿಗೆ ಹಾಕಿಕೊಂಡೆ. ಅಭ್ಯಾಸದಿಂದ ಕಣ್ಣು ಮುಚ್ಚಿತು. ಸ್ವಲ್ಪ ಹೊತ್ತು ಅಗಿದೆ.

"ಹೆಂಗೈತೆ?"

"ಚೆನ್ನಾಗಿದೆ."

"ಅಷ್ಟೇನಾ?"

"ಅಷ್ಟೇ."

ಅವಳು ಹದಿನೆಂಟು ವರ್ಷಕ್ಕೆ ಸಾಲುವಷ್ಟು ನಕ್ಕಳು. ಅಂದಿನಿಂದ ಇಂದಿನವರೆಗೆ ನಾನು ಮಾತು ತಪ್ಪಿಲ್ಲ. ಎಳ್ಳುಂಡೆಯಾದರೂ ಕಜ್ಜಾಯವಾದರೂ ಚೆನ್ನಾಗಿದೆ ಎಂದು ಸುಮ್ಮನಾಗುತ್ತೇನೆ. ತಮ್ಮಯ್ಯ ಉಳಿಸಿಕೊಂಡ ಸಾಲಿನಲ್ಲಿ ಒಂದೇ ಒಂದು ಗಿಡ ಬಂದು ಸ್ಟೋರಿನ ಹಿಂದೆ ಮರವಾಗಿದೆ. ಕಾಯಿ ಬಿಟ್ಟಿಲ್ಲ, ಮುಂದಿನ ವರ್ಷ ಬಿಡುತ್ತದೆ ಎಂದು ಅವನು ಪ್ರತಿ ವರ್ಷ ಹೇಳುತ್ತಾನೆ. ಗಿರಿಜ ನಾನು ಬರೆದದ್ದನ್ನು ಓದುವುದಿಲ್ಲ. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಬಿಟ್ಟು ನಾನು ಬೇರೇನೂ ಬರೆಯಲಾರೆ ಎಂಬುದು ಅವಳ ನಂಬಿಕೆ. ಆ ಧೈರ್ಯದ ಮೇಲೆ ನಿಮಗೊಬ್ಬರಿಗೆ ಹೇಳುತ್ತಿದ್ದೇನೆ, ಅವಳ ಕಿವಿಗೆ ಹಾಕಬೇಡಿ. ಆ ಪ್ರಲೀನಿನ ಪಾಕ ಒಂದು ಚೂರು ಏರಿತ್ತು. ದೊರೆಯ ತಾಯಿಯದೂ ಹಾಗೇ ಏರುತ್ತಿತ್ತೆಂದು ಕಾಣುತ್ತದೆ.