ಸೂಟಿ ಕೆಡಿಸುವ ದೇವರು

ನಮ್ಮ ಮನೆಯಲ್ಲಿ ಊರಿಗೆ ಹೋಗಲು ಚೀಲ ಕಟ್ಟಿದರೆ ಸಾಕು, ಎಲ್ಲೋ ಏನೋ ಕೆಡುತ್ತದೆ. ನಾನು ಮೂಡಲಗಿಯ ಒಂದು ಸಾಲಿಯಲ್ಲಿ ಟೀಚರ್. ವರ್ಷವೆಲ್ಲ ಹುಡುಗರ ಮುಂದೆ ಗಂಟಲು ಹರಿದುಕೊಂಡು ಸೂಟಿಯ ದಾರಿ ಕಾಯುವವಳು. ನನ್ನ ಗಂಡನದು ಗೋಕಾಕದಲ್ಲಿ ಬಟ್ಟೆ ಅಂಗಡಿ. ಏನು ಕೆಟ್ಟರೂ ಅವರದು ಒಂದೇ ಮಾತು: "ದೇವರ ಮ್ಯಾಲೆ ಭಾರ ಹಾಕು." ಅದನ್ನು ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಬಾಗಿಲಲ್ಲಿ ನಾದಿನಿ

ದಸರಾ ಸೂಟಿ. ಹಂಪಿಗೆ ಹೊರಟು ಬಾಗಿಲಿಗೆ ಕೀಲಿ ಹಾಕುತ್ತಿದ್ದೆ. ಆಟೋ ಬಂದು ನಿಂತಿತು. ನನ್ನ ನಾದಿನಿ, ಅವಳ ಮಕ್ಕಳು, ಚೀಲದ ಮೇಲೆ ಚೀಲ.

"ದೇವರ ಕಳಿಸ್ಯಾನ, ಬರ್ರಿ ಬರ್ರಿ," ಅಂತ ಇವರು ಚೀಲ ಇಳಿಸತೊಡಗಿದರು.

ನಾನು ಹಲ್ಲು ಕಚ್ಚಿ ಕೇಳಿದೆ, "ಬರೂಕಿಂತ ಮೊದಲ ಒಂದ್ ಫೋನ್ ಮಾಡಬಾರದಿತ್ತೇನ?"

"ಮಾಡಿದ್ರ ನೀವು ಊರಾಗಿಲ್ಲ ಅಂತಿದ್ರಿ ವೈನಿ," ಅಂದಳು.

ಗ್ಯಾರೇಜಿನ ಮುಂದೆ

ಬೇಸಿಗೆ ಸೂಟಿಗೆ ಸಮುದ್ರ ನೋಡಲು ಮಾಲವಣಕ್ಕೆ ಹೊರಟೆವು. ಹುಕ್ಕೇರಿ ಹತ್ತಿರ ಕಾರು ಹೊಗೆ ಬಿಟ್ಟು ನಿಂತಿತು. ಇವರು ಕಣ್ಣು ಮುಚ್ಚಿ ಕೈ ಮುಗಿದರು.

"ಕಣ್ಣ ತಗದು ಬಾನೆಟ್ ತಗೀರಿ," ಅಂತ ಚೀರಿದೆ.

ಎದುರಿಗೇ ಗ್ಯಾರೇಜು, ಅದಕ್ಕೆ ಕೀಲಿ. ಬೋರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. "ಅಣ್ಣಾರ, ಲಗೂ ಬರ್ರಿ. ಮಾಲವಣಕ್ಕ ಹೊಂಟೇವಿ, ಕಾರ್ ಕೆಟ್ಟೈತಿ."

ಆ ಕಡೆ ಸಮುದ್ರದ ತೆರೆಗಳ ಸದ್ದು. "ಬರಬ್ಯಾಡ್ರಿ ಅಕ್ಕಾರ," ಅಂದ ಮೆಕ್ಯಾನಿಕ್. "ಇಲ್ಲಿ ಒಂದ್ ರೂಮೂ ಖಾಲಿ ಇಲ್ಲ."

ಪಂಚಮಿ ಉಂಡಿ

ಈ ಸಲ ನಾಗರಪಂಚಮಿಯ ಸೂಟಿಗೆ ಪನ್ಹಾಳ ಕೋಟೆ. ಗಂಡನನ್ನು ನಂಬದೆ ಹಿಂದಿನ ದಿನ ನಾನೇ ದೇವರ ಮುಂದೆ ಕೂತು, "ಇದೊಂದ್ ಸಲ ಕೆಡಸಬ್ಯಾಡಪಾ" ಅಂತ ಬೇಡಿಕೊಂಡೆ.

ಸಂಕೇಶ್ವರದಲ್ಲಿ ಹಿರಣ್ಯಕೇಶಿ ಹೊಳೆ ಉಕ್ಕಿ ರಸ್ತೆಗೇ ಬಂದಿತ್ತು. ಪೊಲೀಸರು ತಿರುಗಿಸಿ ಕಳಿಸಿದರು. ಅಷ್ಟರಲ್ಲಿ ನಮ್ಮ ಮನೆ ದಾರಿಯ ಗೋಕಾಕದ ಸೇತುವೆಯೂ ಮುಳುಗಿದ ಸುದ್ದಿ. ಮುಂದೆ ಹೋಗುವಂತಿಲ್ಲ, ಮನೆಗೂ ಹೋಗುವಂತಿಲ್ಲ. ನಡುವೆ ಸಿಕ್ಕಿದ್ದು ಬೆಲ್ಲದ ಬಾಗೇವಾಡಿ, ಇವರ ಸೋದರತ್ತೆಯ ಮನೆ.

ಅಲ್ಲಿ ಪಡಸಾಲೆ ತುಂಬ ಶೇಂಗಾ, ಪುಟಾಣಿ, ಬೆಲ್ಲ. ಮರುದಿನ ಹೆಣ್ಣುಮಕ್ಕಳು, ಅಳಿಯಂದಿರು ಬರುವವರಿದ್ದರು. ನಮ್ಮನ್ನು ಕಂಡದ್ದೇ ಅತ್ತೆ ಕೈ ಮುಗಿದರು. "ಉಂಡಿ ಕಟ್ಟಾಕ ಯಾರನಾರ ಕಳಸಪಾ ಅಂತ ದೇವರಿಗೆ ಬೇಡಿಕೊಂಡಿದ್ದೆ. ಕಳಿಸಿಬಿಟ್ಟ ನೋಡ."

ನನ್ನ ಮೈ ಉರಿಯಿತು. ಕೂತು ಕಟ್ಟಿದೆ. ಸಿಟ್ಟಿನಲ್ಲಿ ಹಿಚುಕಿದ ಉಂಡಿ ಕಲ್ಲಿನಂತಾದವು. ಕೊನೆಗೆ ತಡೆಯಲಾಗದೆ ಅಂದೆ, "ಅತ್ತಿ, ನಾನೂ ಬೇಡಿಕೊಂಡಿದ್ದೆ. ನನ್ನ ಮಾತ್ಯಾಕ ಕೇಳಲಿಲ್ಲ ದೇವರು?"

"ನೀ ಯಾವಾಗ ಬೇಡಿಕೊಂಡಿ ತಂಗಿ?"

"ನಿನ್ನೆ."

ಅತ್ತೆ ಇನ್ನೊಂದು ಬುಟ್ಟಿ ಶೇಂಗಾ ನನ್ನ ಮುಂದೆ ಸರಿಸಿದರು.

"ನಾ ಹೋದ ಪಂಚಮಿಯಿಂದ ಬೇಡಾಕತ್ತೇನವಾ. ಪಾಳಿ ನಂದ ಮೊದಲ ಇತ್ತು."