ಹಸಿರು ಎಂಜಿನ್ನಿನ ಬಿಳಿ ಗೆರೆ

ನನ್ನ ಸೊಸೆಯ ಕೂದಲಿನ ವಿಷಯ ನಾಲ್ಕು ಜನರಿಗೆ ಗೊತ್ತಾಗಬೇಕು. ಊಟದ ತಟ್ಟೆಯಿಂದ ದಿಂಬಿನವರೆಗೆ ಅದರದ್ದೇ ಸಂಚಾರ!

ಕೈಕೆಲಸದಲ್ಲಿ ಮಾತ್ರ ಗಟ್ಟಿಗಿತ್ತಿ. ಮಾದರಿ ಎಂಜಿನ್ನುಗಳ ಪ್ರದರ್ಶನಕ್ಕೆಂದು, ಲೋಹ ಕಡೆಯುವ ಲೇತ್ ಮುಂದೆ ನಿಂತು ಮಂಚದುದ್ದದ ಉಗಿ ರೈಲು ಎಂಜಿನ್ ಮಾಡಿದ್ದಾಳೆ. ನೀರು ಕುದಿಸಿದರೆ ಆಳನ್ನೇ ಕೂರಿಸಿಕೊಂಡು ಎಳೆಯುತ್ತದೆ. (ನನ್ನ ಮಗನನ್ನೂ ಎಳೆಯಿತು. ಹಾಸಿಗೆಯಿಂದ ಅವನನ್ನು ಎಳೆಯುವುದು ನನ್ನಿಂದ ಇವತ್ತಿಗೂ ಆಗಿಲ್ಲ.) ಬಣ್ಣ ಮಾತ್ರ ನನ್ನ ಸಾಮ್ರಾಜ್ಯ. ನಮ್ಮವರು ಅಂಗಡಿ ಬೋರ್ಡು ಬರೆಯುತ್ತಿದ್ದ ಕಾಲದಲ್ಲೂ ಅಕ್ಷರ ಅವರದು, ಗೆರೆ ನನ್ನದು. ನನ್ನ ಅಕ್ಷರ ಕುಂಟಬಹುದು. ಗೆರೆ ಕುಂಟಿದ್ದನ್ನು ಯಾರಾದರೂ ತೋರಿಸಲಿ!

ಪ್ರೈಮರ್ ಹಚ್ಚಿದೆ, ಎಮರಿ ಕಾಗದ ನೆನೆಸಿ ಉಜ್ಜಿದೆ, ಮತ್ತೆ ಹಚ್ಚಿದೆ, ಮತ್ತೆ ಉಜ್ಜಿದೆ. ಕಡುಹಸಿರು ಕನ್ನಡಿಯಾಯಿತು. ಅದರ ಮೇಲೆ ಎರಡೂ ಬದಿಯ ಅಂಚಿಗೆ ಬಿಳಿ ಗೆರೆ. ಇನ್ನು ವಾರ್ನಿಷ್. ಹಸಿ ವಾರ್ನಿಷಿಗೆ ಧೂಳೇ ಯಮ. ಫ್ಯಾನು ಬಂದ್. ನೆಲಕ್ಕೆ ನೀರಿನ ಸಿಂಚನ. ಸೊಸೆಗೆ ಸ್ನಾನದ ಟೋಪಿ ಕಡ್ಡಾಯ.

"ನಿಮಗೆ ಟೋಪಿ ಬೇಡ್ವಾ ಅತ್ತೆ?"

"ನನ್ನದು ಎಣ್ಣೆ ಹಾಕಿ ಬಿಗಿದ ತುರುಬು ಕಣೇ, ಅಲ್ಲಾಡಲ್ಲ. ನಿನ್ನದು ಗಾಳಿಪಟ."

"ನಿಮ್ಮದೇ ಒಂದು ಕೂದಲು ಸಿಕ್ಕಿದ್ರೆ?"

"ಬ್ರಷ್ ನಿನ್ನ ಕೈಗೆ ಕೊಟ್ಟು, ನೀನು ಹೇಳಿದ ಹಾಗೆ ಕೇಳ್ತೀನಿ!"

ಪ್ರದರ್ಶನದ ದಿನ ಬೆಳಿಗ್ಗೆ ಎಂಜಿನ್ನಿನ ಮುಸುಕು ತೆಗೆದರೆ ಒಣಗಿದ ವಾರ್ನಿಷಿನೊಳಗೆ ಕೂದಲು!

"ನೋಡೇ, ನಿನ್ನ ಕರ್ಮ!" ಎಂದು ಕಿರುಚಿದೆ.

ಸೊಸೆ ಟೋಪಿ ಹಾಕಿಕೊಂಡೇ ಓಡಿ ಬಂದು ಟಾರ್ಚ್ ಬಿಟ್ಟಳು. ಅವಳ ತಲೆ ಇದ್ದಿಲಿನಂತೆ ಕಪ್ಪು. ಕೂದಲು ಬೆಳ್ಳಗಿತ್ತು. ನಾನು (ಮದುವೆಯಾದಾಗಿನಿಂದ ಮೊದಲ ಬಾರಿಗೆ) ನನ್ನ ನರೆತ ತುರುಬಿನ ಮೇಲೆ ಸೆರಗು ಎಳೆದುಕೊಂಡೆ.

"ಕೆರೆದು ತೆಗೀಲೇನೇ?" ಎಂದೆ ಮೆತ್ತಗೆ.

"ಕೆರೆದ್ರೆ ಹಸಿರೂ ಕಿತ್ತು ಬರುತ್ತೆ. ಬಿಡಿ, ನಿಮ್ಮ ಗೆರೆ ಪಕ್ಕದಲ್ಲೇ ನೆಟ್ಟಗೆ ಮಲಗಿದೆ, ಪಾಪ."

ಪ್ರದರ್ಶನದಲ್ಲಿ ತೀರ್ಪುಗಾರರು ಭೂತಗನ್ನಡಿ ಹಿಡಿದು ಬಗ್ಗಿದರು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದೆ.

"ಅಬ್ಬಾ! ದಪ್ಪ ಗೆರೆ ಪಕ್ಕ ಇಷ್ಟು ನವಿರಾದ ಗೆರೆ! ಇಂಥ ಕೈ ನಾನು ಕಂಡೇ ಇಲ್ಲಮ್ಮ. ಆದ್ರೆ ಎಂಜಿನ್ನಿನ ಆ ಕಡೆ ಈ ನವಿರು ಗೆರೆ ಯಾಕಿಲ್ಲ?"

ನಾನು ಮೆಲ್ಲಗೆ ಸೊಸೆಯ ಬೆನ್ನ ಹಿಂದೆ ಸರಿದೆ. ಸೊಸೆ ಮಾತ್ರ ನಗುನಗುತ್ತಾ, "ಅದೊಂದು ಬಾಕಿ ಸಾರ್. ಸಂಜೆ ಬಹುಮಾನ ಹೇಳೋದ್ರೊಳಗೆ ಆಗುತ್ತೆ" ಎಂದಳು.

ಅವರು ಅತ್ತ ಹೋದದ್ದೇ ತಡ, ಚೀಲದಲ್ಲಿದ್ದ ವಾರ್ನಿಷ್ ಡಬ್ಬಿ ತೆರೆದು ನನ್ನತ್ತ ತಿರುಗಿದಳು.

"ಬ್ರಷ್ ಇಲ್ಲಿ ಕೊಡಿ ಅತ್ತೆ. ಹಾಂ. ಈಗ ತಲೆ ಬಗ್ಗಿಸಿ."